ಹಿಂದೆ ಮುಂದೆ ಯಾರೂ ಇಲ್ಲ

ಖಾಲಿ ಕೋಣೆಯೊಳಗೆ ಕಾಲಿಟ್ಟ ಕೂಡಲೇ ಮೂಗಿನಕ್ಕ ಮೊದಲು ಬಾಗಿಲು ಹಾಕಿಕೊಳ್ಳುತ್ತಾಳೆ. ಕಿಟಕಿ ತೆರೆಯುವುದಿಲ್ಲ, ದೀಪ ಹಾಕುವುದಿಲ್ಲ. ಹೊರಗೆ ನಿಂತ ಮನೆ ಮಾಲೀಕರು "ಸ್ವಿಚ್ಚು ಎಡಗಡೆ ಇದೆ ನೋಡಿ" ಎಂದು ಕೂಗುತ್ತಲೇ ಇರುತ್ತಾರೆ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ ಕೋಣೆಯ ನಡುವೆ ನಿಂತು ಉಸಿರೆಳೆಯುತ್ತಾಳೆ. ಒದ್ದೆ ಗೋಡೆ, ಇಲಿ ಹಿಕ್ಕೆ, ಹಾಸಿಗೆಯ ಹತ್ತಿಯಲ್ಲಿ ಕೂತ ಹಳೇ ಬೆವರು, ಹೋದ ವಾರ ಸುಣ್ಣ ಬಳಿದು ಮುಚ್ಚಿದ ಬೂಷ್ಟು ಎಲ್ಲವೂ ಒಂದೊಂದಾಗಿ ಬರುತ್ತವೆ. ಆಮೇಲೆ ದಿಂಬು ಮೂಸುತ್ತಾಳೆ, ನಲ್ಲಿಯ ಹಿಂದೆ ಬೆರಳಾಡಿಸಿ ಬೆರಳನ್ನೂ ಮೂಸುತ್ತಾಳೆ. ಕೊನೆಗೆ ಒಳಗಿನ ಚಿಲಕ ಹಾಕಿ, ಹೊರಗಿನವರಿಗೆ "ಈಗ ಒಮ್ಮೆ ಜೋರಾಗಿ ತಳ್ಳಿ" ಎನ್ನುತ್ತಾಳೆ.

ಈ ಕೆಲಸ ಕಲಿತದ್ದು ಲಾಡ್ಜಿನಲ್ಲಿ. ಇಪ್ಪತ್ತೆರಡು ವರ್ಷ ರೈಲು ನಿಲ್ದಾಣದ ಎದುರಿನ ಲಾಡ್ಜೊಂದರಲ್ಲಿ ಅವಳು ಕೋಣೆಗಳ ಮೇಲ್ವಿಚಾರಕಿಯಾಗಿದ್ದಳು. ಜನ ಬೀಗದ ಕೈ ಕೊಟ್ಟು ಹೋದ ಮೇಲೆ ಕೋಣೆಗೆ ಮೊದಲು ಹೋಗುತ್ತಿದ್ದವಳು ಅವಳೇ. ಮನುಷ್ಯರು ಬಾಗಿಲು ಹಾಕಿಕೊಂಡಾಗ ಏನೇನು ಮಾಡುತ್ತಾರೆ ಎಂಬುದನ್ನು ಹಾಸಿಗೆಯ ಮೇಲಿನ ಬಟ್ಟೆಯಿಂದಲೇ ಓದಿದವಳು. ಕೊಳೆ ಕಂಡರೆ ಹೇಸಿಗೆಪಡುವ ವಯಸ್ಸನ್ನು ಅಲ್ಲೇ ಕಳೆದಳು. ಕೊಳೆಯ ಮೇಲೆ ಚಿಮುಕಿಸಿದ ಸೆಂಟಿನ ವಾಸನೆ ಬಂದರೆ ಮಾತ್ರ ಇವತ್ತಿಗೂ ಅವಳಿಗೆ ಹೊಟ್ಟೆ ತೊಳಸುತ್ತದೆ.

ಲಾಡ್ಜು ಮುಚ್ಚಿದ ಮೇಲೆ ಮನೆಯಿಲ್ಲದ ಹುಡುಗ ಹುಡುಗಿಯರಿಗೆ ಬಾಡಿಗೆ ಕೋಣೆ ಹುಡುಕಿಕೊಡುವ ಸಂಸ್ಥೆಯೊಂದಕ್ಕೆ ಸೇರಿದಳು. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯೇ ಕಚೇರಿ. ಹದಿನೆಂಟು ತುಂಬಿತೆಂದು ಅನಾಥಾಲಯದಿಂದ ಒಂದು ಚೀಲ ಕೊಟ್ಟು ಕಳಿಸಿಬಿಟ್ಟವರು, ಮನೆಯಲ್ಲಿ ಇರಲಾಗದೆ ಬಂದವರು, ಕೆಲಸ ಸಿಕ್ಕೂ ಮಲಗಲು ಜಾಗ ಸಿಗದವರು, ಇಂಥವರನ್ನು ಅವಳು ಬೆಳಗಿನ ಹೊತ್ತು ಬಸ್ ನಿಲ್ದಾಣಕ್ಕೆ ಹೋಗಿ ಹುಡುಕುತ್ತಾಳೆ. ಕೈಯಲ್ಲೊಂದು ಚಹಾದ ಫ್ಲಾಸ್ಕು. ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. "ನಿನ್ನೆ ಎಲ್ಲಿ ಮಲಗಿದ್ದೆ?" ಎಂದಷ್ಟೇ ಕೇಳುತ್ತಾಳೆ. ಕೋಣೆಗಳನ್ನು ಮೂಸುವ ಅಭ್ಯಾಸ ಕಂಡು ಮೂಗಿನಕ್ಕ ಎಂದು ಹೆಸರಿಟ್ಟವರು ಆ ಮಕ್ಕಳೇ. ಅವಳ ಸಹಿ ಬೀಳದ ಕೋಣೆಗೆ ಸಂಸ್ಥೆ ಯಾರನ್ನೂ ಕಳಿಸುವುದಿಲ್ಲ ಎಂಬುದು ನಿಯಮ.

ಕಷ್ಟವಿದ್ದದ್ದು ಮಾಲೀಕರ ಹತ್ತಿರ. "ನಮ್ದೇನಿಲ್ಲಮ್ಮ, ಅಕ್ಕಪಕ್ಕದೋರು ಏನಂತಾರೆ" ಎಂದು ಶುರು ಮಾಡುತ್ತಿದ್ದವರು ಸ್ವಲ್ಪ ಕೆದಕಿದರೆ ನಿಜ ಹೇಳುತ್ತಿದ್ದರು. ಇವತ್ತು ಒಬ್ಬಳು ಬರುತ್ತಾಳೆ, ನಾಳೆ ಅಪ್ಪ ಅಂತ ಒಬ್ಬ ಕುಡಿದು ಬರುತ್ತಾನೆ, ನಾಳಿದ್ದು ಚಿಕ್ಕಪ್ಪ, ಆಮೇಲೆ ಅವನ ಸಂಸಾರ. ನಾಲ್ಕು ವರ್ಷದ ಹಿಂದೆ ಇಂಥದೇ ರಗಳೆ ತೆಗೆದ ಒಬ್ಬ ಮಾಲೀಕಳ ಎದುರು, ಅರ್ಜಿಯ ಹಿಂಬದಿಯಲ್ಲಿ ಮೂಗಿನಕ್ಕ ಒಂದು ಪರಿಚಯ ಪತ್ರ ಬರೆದುಕೊಟ್ಟಳು. ಹುಡುಗಿಯ ಕೆಲಸ, ನಡತೆ, ಪಟ್ಟ ಪಾಡು ಎಲ್ಲ ಬರೆದು ಕೊನೆಗೆ "ಈಕೆಗೆ ಹಿಂದೆ ಮುಂದೆ ಯಾರೂ ಇಲ್ಲ" ಎಂದು ಸೇರಿಸಿದಳು. ಯಾರೂ ಬಂದು ಬಿಡಾರ ಹೂಡುವುದಿಲ್ಲ ಎಂಬ ಭರವಸೆ ಅದು. ಮಾಲೀಕಳು ಆ ಸಾಲನ್ನು ಎರಡು ಸಲ ಓದಿ, ನಿಂತಲ್ಲೇ ಬೀಗದ ಕೈ ಕೊಟ್ಟಳು.

ಅಂದಿನಿಂದ ಪ್ರತಿ ಕೋಣೆಗೂ ಒಂದು ಪತ್ರ ಹೋಯಿತು, ಪ್ರತಿ ಪತ್ರದಲ್ಲೂ ಆ ಸಾಲು ಹೋಯಿತು. ಅಪ್ಪ ಇದ್ದವರಿಗೂ, ಊರಲ್ಲಿ ಅಜ್ಜಿ ಇದ್ದವರಿಗೂ ಯಾರೂ ಇಲ್ಲವೆಂದೇ ಬರೆದಳು. ಸಂಸ್ಥೆಯ ಕಾರ್ಯದರ್ಶಿ ಕುಣಿದಾಡಿದ. "ಅಕ್ಕಾ, ಆ ಒಂದು ಸಾಲಿಗೆ ಎಂಥ ಬಾಗಿಲೂ ತೆಗೆಯುತ್ತೆ" ಎಂದು ಬಂದವರಿಗೆಲ್ಲ ಹೇಳಿದ.

ಇಷ್ಟಾದ ಮೇಲೆ ಗುಂಗುರು ಸಿಕ್ಕಳು. ತಲೆತುಂಬ ಗುಂಗುರು ಕೂದಲಿನ ಹತ್ತೊಂಬತ್ತರ ಹುಡುಗಿ. ಲಾಂಡ್ರಿಯಲ್ಲಿ ಆಸ್ಪತ್ರೆ ಚಾದರಗಳಿಗೆ ಇಸ್ತ್ರಿ ಹಾಕುವ ಕೆಲಸ. ಸಂಜೆ ಆರಕ್ಕೆ ಕೆಲಸ ಮುಗಿದರೆ ಬಸ್ ನಿಲ್ದಾಣದ ಹೆಂಗಸರ ವಿಶ್ರಾಂತಿ ಕೋಣೆಯಲ್ಲಿ, ಚೀಲದ ಪಟ್ಟಿಯೊಳಗೆ ತೋಳು ತೂರಿಸಿಕೊಂಡು, ಕೂತಲ್ಲೇ ನಿದ್ದೆ. ಐದು ತಿಂಗಳಿಂದ ಕಾಲು ಚಾಚಿ ಮಲಗಿರಲಿಲ್ಲ. ಈಗ ಆ ಕೋಣೆಯ ಗೋಡೆಗೂ ಒಂದು ನೋಟೀಸು ಅಂಟಿಸಿದ್ದರು. ದುರಸ್ತಿಗಾಗಿ ಶನಿವಾರ ಸಂಜೆಯಿಂದ ನಿಲ್ದಾಣ ಬಂದ್. ಶನಿವಾರದೊಳಗೆ ಕೋಣೆ ಸಿಗದಿದ್ದರೆ ಅವಳಿಗೆ ಉಳಿದದ್ದು ಬೀದಿ.

ಮೂಗಿನಕ್ಕ ಬುಧವಾರ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವಳ ಪಕ್ಕ ಕೂತು ಪತ್ರ ಬರೆಯತೊಡಗಿದಳು.

"ಅಪ್ಪ ಅಮ್ಮ?"

"ಇಲ್ಲ."

"ಅಕ್ಕ ತಂಗಿ, ಅಣ್ಣ ತಮ್ಮ?"

"ಅಣ್ಣ ಇದ್ದಾನೆ."

"ಎಲ್ಲಿ?"

"ಗೊತ್ತಿಲ್ಲ. ನನಗಿಂತ ಮೂರು ವರ್ಷ ಮುಂಚೆ ಅನಾಥಾಲಯದಿಂದ ಬಿಟ್ರು."

"ಫೋನು?"

"ಇಲ್ಲ."

"ಮತ್ತೆ ಇದ್ದಾನೆ ಅಂದ್ರೆ ಹೆಂಗೆ ತಾಯಿ? ಯಾರೂ ಇಲ್ಲ ಅಂತ ಬರೀತೀನಿ ಬಿಡು."

ಗುಂಗುರು ಕೈ ಚಾಚಿ ಪೆನ್ನಿನ ತುದಿ ಹಿಡಿದುಕೊಂಡಳು. "ಬರೀಬೇಡಿ ಅಕ್ಕಾ. ಅವನಿಲ್ಲ ಅಂತ ನಿಮಗ್ಯಾರು ಹೇಳಿದ್ದು? ನೀವು ನೋಡಿಲ್ಲ, ಅಷ್ಟೇ."

"ಒಂದು ಸಾಲಿಗೆ ಇಷ್ಟು ಹಟಾನಾ? ಆಮೇಲೆ ರೂಮು ಸಿಗ್ಲಿಲ್ಲ ಅಂತ ನನ್ನ ಬೈಬೇಡ."

"ಬೈಯಲ್ಲ. ಆದ್ರೆ ಬರೀಬೇಡಿ."

ಮೂಗಿನಕ್ಕ ಗೊಣಗಿಕೊಂಡೇ ಆ ಸಾಲು ಬಿಟ್ಟಳು. ನಾಲ್ಕು ವರ್ಷದಲ್ಲಿ ಅದು ಇಲ್ಲದ ಮೊದಲ ಪತ್ರ ಅದು.

ಆ ವಾರ ಖಾಲಿ ಇದ್ದದ್ದು ಒಂದೇ ಕೋಣೆ, ನಿವೃತ್ತ ಹೆಡ್‌ಮಾಸ್ತರರ ಮನೆಯ ಮಹಡಿ ಮೇಲಿನದು. ಕೋಣೆ ಇದೆಯೆಂದು ತಾವಾಗಿಯೇ ಫೋನ್ ಮಾಡುವ ಏಕೈಕ ಮಾಲೀಕರು ಅವರು. "ಅಂಥವರು ಹತ್ತು ಜನ ಇದ್ದಿದ್ರೆ ನಮ್ಮ ಆಫೀಸಿಗೇ ಬೀಗ ಹಾಕಬಹುದಿತ್ತು" ಎಂದು ಕಾರ್ಯದರ್ಶಿ ಹೊಗಳುತ್ತಿದ್ದ. ಅಲ್ಲಿ ಹಿಂದೆ ಮೂವರು ಹುಡುಗಿಯರು ಇದ್ದು ಹೋಗಿದ್ದರು. ಒಬ್ಬಳು ಐದು ತಿಂಗಳು, ಇನ್ನೊಬ್ಬಳು ನಾಲ್ಕು, ಕೊನೆಯವಳು ಏಳು ವಾರ. ಮೂವರ ಹೆಸರಿನ ಮುಂದೆಯೂ ಕಚೇರಿಯ ಪುಸ್ತಕದಲ್ಲಿ "ಸ್ವಂತ ಇಚ್ಛೆಯಿಂದ ತೆರವು" ಎಂದಿತ್ತು. ಈ ವಯಸ್ಸಿನ ಕಾಲು ಒಂದು ಕಡೆ ನಿಲ್ಲುವುದಿಲ್ಲ ಎಂದುಕೊಂಡು ಮೂಗಿನಕ್ಕ ಸುಮ್ಮನಾಗಿದ್ದಳು.

ಗುರುವಾರ ಹನ್ನೊಂದಕ್ಕೆ ಹೋದಳು. ಬಾಗಿಲು ಹಾಕಿಕೊಂಡು ಉಸಿರೆಳೆದಳು. ಒಣಗಿದ ಗೋಡೆ, ಬಿಸಿಲಲ್ಲಿ ಕಾಯಿಸಿದ ಹಾಸಿಗೆ, ಸಾದಾ ಸೋಪು. ದಿಂಬು ಹೊಸದು. ನಲ್ಲಿಯ ಹಿಂದೆ ಬೆರಳಿಗೆ ಏನೂ ಹತ್ತಲಿಲ್ಲ. ಚಿಲಕ ಗಟ್ಟಿ. ಬಚ್ಚಲಿಗೆ ಹೊಸ ಬಾಗಿಲು, ತಿರುಪುಗಳು ಇನ್ನೂ ಹೊಳೆಯುತ್ತಿದ್ದವು. ಎಲ್ಲಕ್ಕೂ ಸರಿ ಗುರುತು ಹಾಕಿದಳು. ಸಹಿಯೊಂದು ಬಾಕಿ.

ಕೆಳಗೆ ಹೆಡ್‌ಮಾಸ್ತರರು ಚಹಾ ಇಟ್ಟುಕೊಂಡು ಕಾಯುತ್ತಿದ್ದರು. ಎಪ್ಪತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ಮೇಜಿನ ಮೇಲೆ ಒಂದು ನೀಲಿ ಫೈಲು.

"ಹುಡುಗಿಯ ಪತ್ರ ಓದಿದೆ. ಚೆನ್ನಾಗಿದೆ. ಆದ್ರೆ ಇದರಲ್ಲಿ ಒಂದು ವಾಕ್ಯ ಬಿಟ್ಟು ಹೋಗಿದೆಯಲ್ಲಮ್ಮಾ?"

"ಯಾವ್ದು ಸರ್?"

ಅವರು ಫೈಲು ತೆರೆದು ಅವಳ ಕಡೆ ತಿರುಗಿಸಿದರು. ಹಳೆಯ ಮೂರು ಪತ್ರಗಳು, ಒಂದೊಂದೂ ಪಾರದರ್ಶಕ ಹಾಳೆಯೊಳಗೆ, ಮಡಿಕೆ ಬೀಳದಂತೆ. ಹುಡುಗಿಯರು ಎಲ್ಲಿ ಕೆಲಸ ಮಾಡುತ್ತಾರೆ ಎಂದಿದ್ದ ಕಡೆ ಗುರುತಿಲ್ಲ. ಅವರು ಪಟ್ಟ ಪಾಡು ಬರೆದಲ್ಲಿ ಗುರುತಿಲ್ಲ. ಮೂರರಲ್ಲೂ ಕೊನೆಯ ಸಾಲಿನ ಕೆಳಗೆ ಮಾತ್ರ ಸ್ಕೇಲು ಇಟ್ಟು ಎಳೆದ ಕೆಂಪು ಗೆರೆ. ಗುಂಗುರುವಿನ ಪತ್ರದಲ್ಲಿ ಆ ಜಾಗ ಖಾಲಿಯಿತ್ತು, ಅಂಚಿನಲ್ಲಿ ಕೆಂಪು ಪ್ರಶ್ನೆ ಚಿಹ್ನೆ.

"ನನಗೆ ಇದೊಂದೇ ಮುಖ್ಯ ನೋಡಿ. ಹಿಂದೆ ಯಾರಾದ್ರೂ ಇದ್ರೆ ನಾಳೆ ಕೇಳೋಕೆ ಬರ್ತಾರೆ. ಸುಮ್ನೆ ತೊಂದರೆ. ಇವಳಿಗೆ ಯಾರಿದ್ದಾರೆ?"

ಕೆಂಪು ಗೆರೆ ಅಷ್ಟು ನೇರವಾಗಿತ್ತು. ಮೂಗಿನಕ್ಕ ಫೈಲು ಮುಚ್ಚಿದಳು. "ಕೇಳಿ ಹೇಳ್ತೀನಿ ಸರ್" ಎಂದವಳೇ ಚಹಾ ಮುಟ್ಟದೆ, ಸಹಿಯನ್ನೂ ಹಾಕದೆ ಎದ್ದಳು. ಬೀದಿಯ ತಿರುವಿನ ತನಕ ಹೇಗೋ ನಡೆದು, ಚರಂಡಿಯ ಪಕ್ಕ ಕೂತು ಬೆಳಗಿನ ತಿಂಡಿಯನ್ನೆಲ್ಲ ಕಾರಿಕೊಂಡಳು. ಯಾವ ಕೋಣೆಯ ಯಾವ ವಾಸನೆಯೂ ಅವಳಿಗೆ ಈ ಗತಿ ತಂದಿರಲಿಲ್ಲ.

ಕೊನೆಯಲ್ಲಿ ಏಳು ವಾರವಿದ್ದ ಹುಡುಗಿ ಈಗ ಚಪ್ಪಲಿ ಅಂಗಡಿಯಲ್ಲಿದ್ದಾಳೆ ಎಂದು ಯಾರೋ ಹೇಳಿದ್ದರು. ಶುಕ್ರವಾರ ಮಧ್ಯಾಹ್ನ ಮೂಗಿನಕ್ಕ ಅಲ್ಲಿಗೆ ಹೋದಳು. ಹುಡುಗಿ ಒಂದು ಗಳಿಗೆ ನೋಡಿ, ಗಲ್ಲಾದಲ್ಲಿ ಕೂತ ಯಜಮಾನನ ಕಡೆ ಕಣ್ಣು ಹಾಯಿಸಿ, "ಕೂತ್ಕೊಳ್ಳಿ ಅಕ್ಕಾ. ಏಳು ನಂಬರಾ?" ಎಂದಳು. ನಾಲ್ಕು ಡಬ್ಬ ತಂದು ಕಾಲ ಬಳಿ ಮೊಣಕಾಲೂರಿ ಕೂತಳು.

"ಆ ಮನೆ ಯಾಕೆ ಬಿಟ್ಟೆ?"

"ಕಾಲು ಕೊಡಿ." ಅವಳು ಒಂದು ಚಪ್ಪಲಿ ತೊಡಿಸಿದಳು. "ನಾನು ಕೆಲಸಕ್ಕೆ ಹೋದಾಗ ಒಳಗೆ ಬರ್ತಿದ್ರು. ಅವರ ಹತ್ರ ಇನ್ನೊಂದು ಕೀ ಇತ್ತು. ನನ್ನ ಬಟ್ಟೆ ಎಲ್ಲ ಮಡಚಿಡ್ತಿದ್ರು. ಒಳಬಟ್ಟೆನೂ. ಬಣ್ಣದ ಪ್ರಕಾರ ಜೋಡಿಸಿ."

"ಕೇಳ್ಲಿಲ್ವಾ ನೀನು?"

"ಕೇಳ್ದೆ. ಮುಂದಿನ ವಾರ ರಿಪೇರಿ ಅಂತ ಬಚ್ಚಲ ಬಾಗಿಲು ಬಿಚ್ಚಿಸಿದ್ರು. ವಾಪಸ್ ಹಾಕಿಸ್ಲೇ ಇಲ್ಲ. ಯಾವಾಗ ಮೇಲೆ ಬರ್ತಾರೋ ಗೊತ್ತಾಗ್ತಿರ್ಲಿಲ್ಲ. ಇದು ಬಿಗಿ ಆಯ್ತಾ?"

"ಆಮೇಲೆ?"

"ಪೊಲೀಸ್ನೋರಿಗೆ ಹೇಳ್ತೀನಿ ಅಂದೆ. ನಗ್ತಾ ಒಳಗಿಂದ ಆ ಕಾಗದ ತಂದು ನನಗೆ ಓದಿ ಹೇಳಿದ್ರು. 'ಯಾರು ಬರ್ತಾರೆ ನಿನ್ನ ಪರವಾಗಿ? ಹಿಂದೆ ಮುಂದೆ ಯಾರೂ ಇಲ್ಲ ಅಂತ ನಿಮ್ಮಕ್ಕನೇ ಬರ್ಕೊಟ್ಟಿದ್ದಾಳಲ್ಲ' ಅಂದ್ರು."

"ನನಗೆ ಬಂದು ಹೇಳ್ಬಾರ್ದಿತ್ತೇನೇ?"

ಹುಡುಗಿ ತಲೆಯೆತ್ತಿದಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. "ನಿಮಗಾ? ಬರೆದೋರು ನೀವೇ ಅಲ್ವಾ ಅಕ್ಕಾ. ಎರಡು ತಿಂಗಳು ಬಸ್ ಸ್ಟ್ಯಾಂಡಲ್ಲೇ ಇದ್ದೆ. ನಿಮ್ಮ ಫ್ಲಾಸ್ಕು ಕಂಡ್ರೆ ಆ ಕಡೆ ಪ್ಲಾಟ್‌ಫಾರ್ಮಿಗೆ ಹೋಗಿ ಕೂರ್ತಿದ್ದೆ."

ಗಲ್ಲಾದಿಂದ ಯಜಮಾನ ಗಂಟಲು ಸರಿಮಾಡಿಕೊಂಡ. ಹುಡುಗಿ ಚಪ್ಪಲಿಗಳನ್ನು ಒಂದೊಂದಾಗಿ ಡಬ್ಬಕ್ಕೆ ತುಂಬಿ, "ಸೈಜು ಸಿಗ್ಲಿಲ್ಲ ಅಂತ ಹೇಳಿ ಹೋಗಿ" ಎಂದು ಪಿಸುಗುಟ್ಟಿದಳು.

ಕಚೇರಿಯಲ್ಲಿ ಕಾರ್ಯದರ್ಶಿ ಎಲ್ಲವನ್ನೂ ಕೇಳಿಸಿಕೊಂಡ. ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

"ಮೈ ಮುಟ್ಟಿದ್ದಾರಾ?"

"ಬಚ್ಚಲ ಬಾಗಿಲು ಬಿಚ್ಚಿಸಿದ್ದಾನೆ ಅಂತಿದ್ದೀನಿ."

"ಅದು ಕೇಳಿಸ್ತು. ಬರವಣಿಗೆಯಲ್ಲಿ ದೂರು ಇದೆಯಾ? ಇಲ್ಲ. ಅಕ್ಕಾ, ನಾಳೆ ಸಂಜೆ ಸ್ಟ್ಯಾಂಡ್ ಮುಚ್ತಾರೆ. ಆ ಹುಡುಗೀನ ಬೀದಿಲಿ ಮಲಗಿಸ್ತೀರಾ? ಬೀದಿಲಿ ಏನಾಗುತ್ತೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಬಟ್ಟೆ ಮಡಚಿಟ್ರು ಅಂತ ನಾನು ಕಮಿಟಿಗೆ ಏನು ಬರೀಲಿ?"

"ನಿಮ್ಮ ಹೆಂಡತಿ ಒಳಬಟ್ಟೆ ಒಂದು ವಾರ ಆ ಮಾಸ್ತರ ಕೈಲಿ ಮಡಚಿಸಿ. ಆಮೇಲೆ ಬರೀರಿ, ಸರಿಯಾಗಿ ಬರುತ್ತೆ."

ಅವನ ಕಿವಿ ಕೆಂಪಾದವು. ಆದರೂ ಅರ್ಜಿಯನ್ನು ಅವಳ ಕಡೆಗೇ ಸರಿಸಿದ. ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಬೇರೆ ಹಾಕಿದ್ದ. ಮೂಗಿನಕ್ಕ ಅರ್ಜಿಯನ್ನು ಹಿಂದಕ್ಕೆ ತಳ್ಳಿ ಮೆಟ್ಟಿಲಿಳಿದಳು. ಅವನ ಮೇಲೆ ಪೂರ್ತಿ ಹೇಸಿಗೆಪಡಲೂ ಅವಳಿಂದ ಆಗಲಿಲ್ಲ, ಏಕೆಂದರೆ ಬೀದಿಯ ಬಗ್ಗೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮುಖ ನೋಡಿಯೇ ಹೊಲಿಗೆ ನಿಲ್ಲಿಸಿದ. "ಏನೇ, ಯಾವ ಗೋಡೆಯೊಳಗೆ ಏನು ಸತ್ತಿತ್ತು ಇವತ್ತು?"

ಅವಳು ಹೇಳಿದಳು. ಫೈಲು, ಗೆರೆ, ಬಾಗಿಲು, ಪ್ಲಾಟ್‌ಫಾರ್ಮು, ಎಲ್ಲ. ಅವನು ಕೊರಳಿನ ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೇಳಿದ.

"ಅಳತೆ ನೀನೇ ಕೊಟ್ಟಿದ್ದೀಯಲ್ಲೇ" ಎಂದ ಕೊನೆಗೆ.

"ರೀ!"

"ಇನ್ನೇನು ಹೇಳ್ಲಿ? ಈ ಹುಡುಗೀರ ಮೈ ಮುಟ್ಟಿದ್ರೆ ಯಾರ ಕೈಯೂ ಅಡ್ಡ ಬರಲ್ಲ ಅಂತ ಬರೆದು ಕೊಟ್ಟಿದ್ದೀಯ. ಒಳ್ಳೆಯವನು ಓದಿದ್ರೆ ಪಾಪ ಅಂತಾನೆ. ಅಂಥವನು ಓದಿದ್ರೆ?"

ಅವಳು ಎದ್ದು ಬಚ್ಚಲಿಗೆ ಹೋದಳು. ಅವನು ಹೇಳಿದ್ದು ಸುಳ್ಳಾಗಿದ್ದರೆ ಜಗಳವನ್ನಾದರೂ ಆಡುತ್ತಿದ್ದಳು. ಕೈ ತೊಳೆದರೂ ಬೆರಳಿಗೆ ಇಂಕಿನ ವಾಸನೆ ಇದ್ದಂತೆನಿಸಿತು. ಊಟಕ್ಕೆ ಕೂತಾಗ ಗಂಡನೇ ಅಂದ: "ಟೈರಿನಮ್ಮನ ಮೇಲಿನ ರೂಮು ಖಾಲಿ ಇದೆ. ಆ ವಾಸನೆಗೆ ಯಾರೂ ನಿಲ್ಲಲ್ವಂತೆ. ಅಷ್ಟೇ."

ಆ ಕೋಣೆಯನ್ನು ಮೂಗಿನಕ್ಕ ಬಲ್ಲಳು. ಹಳೇ ಟೈರುಗಳಿಗೆ ಬಿಸಿ ರಬ್ಬರು ಕೂರಿಸುವ ಅಂಗಡಿಯ ಮೇಲಿನ ಕೋಣೆ. ಎರಡು ವರ್ಷದ ಹಿಂದೆ ನೋಡಿ, "ವಾಸಕ್ಕೆ ಯೋಗ್ಯವಲ್ಲ" ಎಂದು ಬರೆದವಳೇ ಅವಳು.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಟೈರಿನಮ್ಮ ಅಂಗಡಿಯ ಮುಂದೆ ನಿಂತು ಕೂಲಿಯವನಿಗೆ ಬೈಯುತ್ತಿದ್ದಳು. ಮೂಗಿನಕ್ಕನನ್ನು ಕಂಡು ಸೊಂಟಕ್ಕೆ ಕೈಯಿಟ್ಟಳು.

"ಏನಮ್ಮಾ, ಅವತ್ತು ಮೂಗು ಮುಚ್ಕೊಂಡು ಓಡಿದೋಳು. ಈಗೇನು, ಶೀತ ಆಗಿದೆಯಾ?"

"ರೂಮು ಬೇಕು. ಹುಡುಗಿ, ಹತ್ತೊಂಬತ್ತು ವರ್ಷ, ಲಾಂಡ್ರಿ ಕೆಲಸ."

"ಕಾಗದ ಎಲ್ಲಿ? ಎಲ್ಲರಿಗೂ ಏನೋ ಕಾಗದ ಕೊಡ್ತೀಯಂತಲ್ಲ."

"ಕಾಗದ ಇಲ್ಲ."

"ಅವಳ ಕಡೆಯೋರು?"

ನಾಲ್ಕು ವರ್ಷದ ಅಭ್ಯಾಸ. ಆ ಸಾಲು ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಮೂಗಿನಕ್ಕ ಅದನ್ನು ನುಂಗಿದಳು. "ಒಬ್ಬ ಅಣ್ಣ ಇದ್ದಾನೆ. ಬಂದ್ರೂ ಬರಬಹುದು. ನಾನು ವಾರಕ್ಕೆ ಎರಡು ಸಲ ಬರ್ತೀನಿ, ಹೇಳದೆ ಬರ್ತೀನಿ. ನಮ್ಮನೆಯವರೂ ಬರ್ತಾರೆ."

"ಇಷ್ಟು ಜನ ಹತ್ತಿ ಇಳಿದ್ರೆ ನನ್ನ ಮೆಟ್ಟಿಲು ಉಳಿಯುತ್ತಾ? ಅದೇನು ರೂಮಾ, ಛತ್ರಾನಾ?" ಟೈರಿನಮ್ಮ ಮುಖ ಸಿಂಡರಿಸಿದಳು. ಬೇಡವೆನ್ನಲು ಬಾಯಿ ತೆರೆದವಳು, ಮೇಲಿನ ಖಾಲಿ ಕಿಟಕಿಯನ್ನೊಮ್ಮೆ ನೋಡಿ ಮನಸ್ಸು ಬದಲಿಸಿದಳು. "ಬರೋರು ಮೂಗು ಮುಚ್ಕೊಂಡು ಬರಬಾರ್ದು, ಅದೇ ಕಂಡಿಷನ್ನು. ನೀರು ಬೆಳಗ್ಗೆ ಒಂದು ಹೊತ್ತು. ಬೀಗ ನೀವೇ ತಂದ್ಕೊಳ್ಳಿ. ನನ್ನ ಹತ್ರ ಇದ್ದ ಒಂದನ್ನ ಶಟರಿಗೆ ಹಾಕಿದ್ದೀನಿ."

ಮೂಗಿನಕ್ಕ ಬಸ್ ನಿಲ್ದಾಣಕ್ಕೆ ಹೋದಾಗ ಗುಂಗುರು ಇರಲಿಲ್ಲ. ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ನಿಲ್ಲಿಸಿ, "ನಿಮ್ಮ ಆಫೀಸಿನೋರು ಆಟೋದಲ್ಲಿ ಕರ್ಕೊಂಡು ಹೋದ್ರು. ಹೆಡ್‌ಮಾಸ್ತರ ಮನೆ ಅಂತಿದ್ರು" ಎಂದಳು. ಅರ್ಜಿಯ ಮೇಲೆ ತುರ್ತು ಎಂದು ಬರೆದು ಕಾರ್ಯದರ್ಶಿ ಅವಳ ಬದಲು ತಾನೇ ಸಹಿ ಹಾಕಿಕೊಂಡಿದ್ದ.

ಐವತ್ತನಾಲ್ಕರ ಹೆಂಗಸು ನಡುವಿನ ಎರಡು ಬೀದಿಗಳನ್ನು ಓಡಿಯೇ ದಾಟಿದಳು. ಕೆಳಗಿನ ಬಾಗಿಲು ತೆರೆದಿತ್ತು, ಕಾರ್ಯದರ್ಶಿ ಬಿಟ್ಟು ಹೋಗಿಯಾಗಿತ್ತು. ಮಹಡಿಯ ಕೋಣೆಯಲ್ಲಿ ಗುಂಗುರು ಹಾಸಿಗೆಯ ಅಂಚಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಚೀಲದ ಮೇಲೆ ಅವಳ ಪತ್ರ. ಎದುರಿನ ಕುರ್ಚಿಯಲ್ಲಿ ಹೆಡ್‌ಮಾಸ್ತರರು ಉಕ್ತಲೇಖನ ಹೇಳುವವರ ಹಾಗೆ ಬೆರಳೆತ್ತಿದ್ದರು. ಗುಂಗುರುವಿನ ಕೈಯಲ್ಲಿ ಕೆಂಪು ಪೆನ್ಸಿಲು. ಪತ್ರದ ಕೊನೆಯಲ್ಲಿ ಅವಳ ಸೊಟ್ಟ ಅಕ್ಷರಗಳಲ್ಲಿ "ನನಗೆ ಹಿಂದೆ ಮುಂದೆ" ಎಂದಾಗಿತ್ತು. ಮುಂದಿನ ಎರಡು ಪದಕ್ಕೆ ಕೈ ಹೋಗಿರಲಿಲ್ಲ.

"ಪೆನ್ಸಿಲ್ ಕೆಳಗಿಡು" ಎಂದಳು ಮೂಗಿನಕ್ಕ. ಅವಳಿನ್ನೂ ಏದುಸಿರು ಬಿಡುತ್ತಿದ್ದಳು.

"ಇದೇನಮ್ಮಾ, ಹೇಳದೆ ಕೇಳದೆ ನುಗ್ಗೋದು?"

ಗುಂಗುರು ಇಬ್ಬರನ್ನೂ ನೋಡಿದಳು. "ಅಕ್ಕಾ, ರೂಮು ಚೆನ್ನಾಗಿದೆ. ಫ್ಯಾನಿದೆ, ಹಾಸಿಗೆ ಮೆತ್ತಗಿದೆ. ಒಂದು ಸಾಲು ಬರೆದ್ರೆ ಇವತ್ತೇ ಇರು ಅಂದ್ರು. ಬರೆದುಬಿಡ್ತೀನಿ ಬಿಡಿ, ಅಣ್ಣನಿಗೇನು ಗೊತ್ತಾಗುತ್ತಾ?"

"ಆ ಬಚ್ಚಲ ಬಾಗಿಲು ನೋಡು. ತಿರುಪೆಲ್ಲ ಯಾಕೆ ಹೊಸದು ಅಂತ ಇವರನ್ನ ಕೇಳು."

"ಹಳೇದಕ್ಕೆ ಹುಳ ಹಿಡಿದಿತ್ತು" ಎಂದರು ಹೆಡ್‌ಮಾಸ್ತರರು, ಯಾರೂ ಕೇಳುವ ಮೊದಲೇ.

"ನಿನಗಿಂತ ಮುಂಚೆ ಇದ್ದೋಳಿಗೆ ಬಾಗಿಲೇ ಇರ್ಲಿಲ್ಲ. ಇವರೇ ಬಿಚ್ಚಿಸಿದ್ದು. ಯಾರಿಗಾದ್ರೂ ಹೇಳ್ತೀನಿ ಅಂದಿದ್ದಕ್ಕೆ ಈ ಸಾಲನ್ನೇ ಅವಳಿಗೆ ಓದಿ ಹೇಳಿದ್ರು. ಆ ಸಾಲು ಬರೆದೋಳು ನಾನು. ನಾಲ್ಕು ವರ್ಷದಿಂದ ಮನೆಮನೆಗೆ ಬರೆದು ಹಂಚಿದ್ದೀನಿ."

"ನಾಲಿಗೆ ಬಿಗಿ ಹಿಡಿದು ಮಾತಾಡಿ! ಮೂವತ್ತೈದು ವರ್ಷ ಪಾಠ ಹೇಳಿದ ಮನುಷ್ಯ ನಾನು. ಊರೆಲ್ಲ ನನ್ನ ಶಿಷ್ಯರು."

ಗುಂಗುರು ಪೆನ್ಸಿಲನ್ನು ಹಾಸಿಗೆಯ ಮೇಲಿಟ್ಟಳು. ತರಗತಿಯಲ್ಲಿ ಕೇಳುವ ಹಾಗೆಯೇ ಕೇಳಿದಳು: "ಸರ್, ನಮ್ಮಣ್ಣ ಬಂದ್ರೆ ಒಳಗೆ ಬಿಡ್ತೀರಾ?"

"ಅದೆಲ್ಲ ಆಗಲ್ಲಮ್ಮ. ಅದಕ್ಕೇ ಬರಿ ಅಂದಿದ್ದು."

ಅವಳು ಚೀಲವನ್ನು ಹೆಗಲಿಗೇರಿಸಿದಳು, ಪತ್ರವನ್ನು ಮಡಚಿ ಜೇಬಿಗಿಟ್ಟಳು. ಫ್ಯಾನನ್ನು ಒಮ್ಮೆ ತಲೆಯೆತ್ತಿ ನೋಡಿ ಹೊರಟಳು.

ಕೆಳಗೆ ಮೇಜಿನ ಮೇಲೆ ನೀಲಿ ಫೈಲು ಇತ್ತು. ಮೂಗಿನಕ್ಕ ಅದನ್ನು ಕಂಕುಳಿಗೆ ಸಿಕ್ಕಿಸಿದಳು.

"ಏಯ್, ಅದು ನನ್ನ ಫೈಲು!" ಹೆಡ್‌ಮಾಸ್ತರರು ಮೆಟ್ಟಿಲ ಮೇಲಿಂದ ಕೂಗಿದರು.

"ಅಕ್ಷರ ನಂದು" ಎಂದಳು ಅವಳು, ತಿರುಗದೆ. ಬೀದಿಯ ತುದಿ ಮುಟ್ಟುವವರೆಗೂ ಹಿಂದಿನಿಂದ "ಕಳ್ಳಿ, ಕಳ್ಳಿ" ಎನ್ನುವ ದನಿ ಕೇಳಿಸುತ್ತಿತ್ತು. ಒಂದಿಬ್ಬರು ಕಿಟಕಿಯಿಂದ ಇಣುಕಿದರು. ಮೂವತ್ತೈದು ವರ್ಷ ಪಾಠ ಹೇಳಿದವರ ಮಾತನ್ನೇ ಅವರು ನಂಬುತ್ತಾರೆಂದು ಅವಳಿಗೆ ಗೊತ್ತಿತ್ತು.

ದಾರಿಯಲ್ಲಿ ಒಂದು ಬೀಗ ಕೊಂಡರು. ಟೈರಿನ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಗುಂಗುರು ಕೆಮ್ಮಿದಳು. ಕೋಣೆಯೊಳಗೆ ಸುಟ್ಟ ರಬ್ಬರು ಗೋಡೆಗೆ ಹತ್ತಿದ ಹಾಗಿತ್ತು. ಗಾಜಿನ ಮೇಲೆ ಕರಿ ಎಣ್ಣೆಯ ಪದರ, ಮೂಲೆಯಲ್ಲಿ ಸತ್ತ ಜಿರಳೆಗಳ ರಾಶಿ, ಹಾಸಿಗೆಯ ಮೇಲೆ ಯಾವನದೋ ತಲೆಯ ಅಚ್ಚು.

"ಥೂ" ಎಂದಳು ಗುಂಗುರು. "ಇದಕ್ಕಾ ಆ ಫ್ಯಾನ್ ಬಿಟ್ಟು ಬಂದಿದ್ದು?"

"ಇದಕ್ಕೇ."

"ನಿಮ್ಮ ಮೂಗು ಏನನ್ನುತ್ತೆ?"

"ಕೇಳ್ಬೇಡ."

ಇಬ್ಬರೂ ಸೇರಿ ಜಿರಳೆ ಗುಡಿಸಿದರು, ಹಾಸಿಗೆ ಹೊರಗೆಸೆದರು. ಲಾಂಡ್ರಿಯಲ್ಲಿ ಅರ್ಧ ಹರಿದದ್ದೆಂದು ಕೊಟ್ಟಿದ್ದ ಎರಡು ಚಾದರ ಗುಂಗುರುವಿನ ಚೀಲದಲ್ಲಿದ್ದವು. ನೆಲದ ಮೇಲೆ ಹಾಸಿದಳು. ಬೀಗದ ಎರಡೂ ಕೀಗಳನ್ನು ಅಂಗೈಯಲ್ಲಿಟ್ಟುಕೊಂಡು, "ಇನ್ನೊಂದು ಟೈರಿನಮ್ಮನಿಗಾ?" ಎಂದು ಕೇಳಿದಳು.

"ಯಾರಿಗೂ ಇಲ್ಲ. ಎರಡೂ ನಿಂದೇ."

"ನೀವು ಸ್ವಲ್ಪ ಹೊರಗಿರಿ ಅಕ್ಕಾ."

ಮೂಗಿನಕ್ಕ ಹೊರಗೆ ಬಂದಳು. ಹಿಂದೆಯೇ ಚಿಲಕ ಬಿತ್ತು. ಒಳಗಿಂದ ಬಾಗಿಲನ್ನು ಎರಡು ಮೂರು ಸಲ ಅಲ್ಲಾಡಿಸಿದ ಸದ್ದು, ಆಮೇಲೆ ಏನೂ ಇಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಅವಳು ಮೆಟ್ಟಿಲ ಮೇಲೆ ಕೂತು ಫೈಲು ತೆರೆದಳು. ಕೆಂಪು ಗೆರೆಗಳ ಮೇಲೆ ತನ್ನದೇ ಕೈಬರಹ. ಮೂರರಲ್ಲೂ ಅದೇ ಸಾಲು, ಅದೇ ಒತ್ತಿನಲ್ಲಿ, ಒಂದಕ್ಷರವೂ ಬದಲಾಗದೆ. ಇಂಥವು ಇನ್ನೂ ನಲವತ್ತಕ್ಕೂ ಹೆಚ್ಚು ಮನೆಗಳ ಕಪಾಟಿನಲ್ಲಿವೆ. ಸೋಮವಾರದಿಂದ ಒಂದೊಂದನ್ನೇ ಹೋಗಿ ವಾಪಸ್ ಕೇಳಬೇಕು. ಕೆಲವರು ಹುಡುಗಿಯರನ್ನು ಎಬ್ಬಿಸಿ ಕಳಿಸುತ್ತಾರೆ, ಅದೂ ಅವಳ ತಲೆಗೇ.

ಟೈರಿನಮ್ಮ ಕೆಳಗಿನಿಂದ ಕತ್ತು ಚಾಚಿದಳು. "ಏನಮ್ಮಾ ಅದು, ಕೋರ್ಟು ಕಾಗದವಾ?"

"ಅಲ್ಲ. ಜಾಹೀರಾತು."

"ಹುಡುಗಿ ಏನು ಮಾಡ್ತಿದ್ದಾಳೆ ಒಳಗೆ, ಸದ್ದೇ ಇಲ್ಲ?"

ಮೂಗಿನಕ್ಕ ಬಾಗಿಲಿಗೆ ಕಿವಿಯಿಟ್ಟಳು. "ಮಲಗಿದ್ದಾಳೆ."

"ಮಟಮಟ ಮಧ್ಯಾಹ್ನ? ಈ ವಾಸನೆಯಲ್ಲಿ?"

"ಹೂಂ. ಕಾಲು ಚಾಚಿಕೊಂಡು ಮಲಗಿರ್ತಾಳೆ. ಸ್ವಲ್ಪ ಮೆಲ್ಲಗೆ ಬೈಯಮ್ಮಾ ನಿನ್ನ ಆಳಿಗೆ."

ಟೈರಿನಮ್ಮ ಏನೋ ಗೊಣಗಿದಳು. ಆದರೆ ಕೂಲಿಯವನನ್ನು ಕರೆದಾಗ ದನಿ ತಗ್ಗಿತ್ತು.